ರಿಪೋರ್ಟ್ ನಾರ್ಮಲ್ ಅಂದ್ರೆ ನಾಟಕ ಅಂತಲ್ಲ

ಎಲ್ಲಾ ರಿಪೋರ್ಟ್ ನಾರ್ಮಲ್ ಅಂದರೆ ಖುಷಿಯಾಗಬೇಕು ಅಲ್ವಾ? ನನ್ನ ಚಿಕ್ಕಮ್ಮನ ಮಗಳು ಅವತ್ತು ಅತ್ತುಬಿಟ್ಟಳು. ಎರಡು ತಿಂಗಳಿಂದ ಎಡಗಾಲು ಎಳೆದುಕೊಂಡು ನಡೆಯುತ್ತಿದ್ದಳು. ಸ್ಕ್ಯಾನ್ ಆಯಿತು, ನರದ ಪರೀಕ್ಷೆ ಆಯಿತು, ಏನೂ ಸಿಗಲಿಲ್ಲ. ಮನೆಗೆ ಬಂದವರೊಬ್ಬರು "ಏನೂ ಇಲ್ಲ ಅಂದ್ರಲ್ಲ ಡಾಕ್ಟ್ರು, ಇನ್ನಾದ್ರೂ ನೆಟ್ಟಗೆ ನಡಿ" ಅಂದರು.

ಆಮೇಲೆ ಇನ್ನೊಬ್ಬ ನ್ಯೂರಾಲಜಿಸ್ಟ್ ಹತ್ತಿರ ಹೋದಾಗ ನಾನೂ ಜೊತೆಗಿದ್ದೆ. ಅವರು ಅವಳನ್ನು ಅಂಗಾತ ಮಲಗಿಸಿ, ಎಡ ಹಿಮ್ಮಡಿಯ ಕೆಳಗೆ ಕೈಯಿಟ್ಟು "ಕೆಳಗೆ ಒತ್ತಮ್ಮ" ಅಂದರು. ಆಗಲಿಲ್ಲ. ಕೈ ಅಲ್ಲೇ ಇಟ್ಟುಕೊಂಡು, ಇನ್ನೊಂದು ಕೈಯಿಂದ ಬಲಗಾಲನ್ನು ಅದುಮಿ ಹಿಡಿದು "ಈಗ ಇದನ್ನು ಮೇಲಕ್ಕೆತ್ತು" ಅಂದರು. ಅವಳ ಗಮನವೆಲ್ಲ ಬಲಗಾಲಿನ ಮೇಲಿತ್ತು. ಎಡ ಹಿಮ್ಮಡಿ ತಾನಾಗೇ ಅವರ ಕೈಯನ್ನು ಗಟ್ಟಿಯಾಗಿ ಒತ್ತಿತು. ಇದಕ್ಕೆ ಹೂವರ್ಸ್ ಸೈನ್ ಅನ್ನುತ್ತಾರೆ. 1908ರಲ್ಲಿ ಚಾರ್ಲ್ಸ್ ಹೂವರ್ ಅನ್ನೋ ಅಮೆರಿಕದ ಡಾಕ್ಟರ್ ವಿವರಿಸಿದ್ದು.

ಸಿಕ್ಕಿಬಿದ್ದಳು ಅಂತ ಒಂದು ಕ್ಷಣ ನನಗೂ ಅನಿಸಿತು, ಸುಳ್ಳು ಯಾಕೆ ಹೇಳಲಿ. ಡಾಕ್ಟರ್ ಹೇಳಿದ್ದೇ ಬೇರೆ. "ನಿನ್ನ ನರ, ಸ್ನಾಯು ಸರಿಯಾಗಿವೆ. ಕಾಲಾಡಿಸಬೇಕು ಅಂತ ನೀನು ಗಮನ ಇಟ್ಟಾಗ ಮಿದುಳಿನಲ್ಲಿ ಏನೋ ತಡೆಯುತ್ತೆ, ಗಮನ ಬೇರೆ ಕಡೆ ಹೋದಾಗ ಬಿಟ್ಟುಕೊಡುತ್ತೆ. ನೀನು ಬೇಕಂತ ಮಾಡ್ತಿಲ್ಲ." ಫಂಕ್ಷನಲ್ ನ್ಯೂರಾಲಜಿಕಲ್ ಡಿಸಾರ್ಡರ್ ಅಂತ ಬರೆದುಕೊಟ್ಟರು. ಮೊದಲು ಇದನ್ನು ಕನ್ವರ್ಷನ್ ಅನ್ನುತ್ತಿದ್ದರು, ಅದಕ್ಕೂ ಮೊದಲು ಹಿಸ್ಟೀರಿಯಾ. ಗ್ರೀಕ್‌ನಲ್ಲಿ ಗರ್ಭಕೋಶಕ್ಕೆ ಇರುವ ಪದದಿಂದ ಬಂದ ಹೆಸರದು. ಹೆಂಗಸರ ತಲೆಗೆ ಕಟ್ಟೋದು ಹೆಸರಿನಲ್ಲೇ ಇತ್ತು ನೋಡಿ.

ಬೇಕಂತಲೇ ನಟಿಸುವವರು ಇಲ್ಲವೇ ಇಲ್ಲ ಅಂತಲ್ಲ, ಅದು ಬೇರೆ ಲೆಕ್ಕ. ನನ್ನ ಸಿಟ್ಟು ಇರೋದು "ಏನೂ ಸಿಗಲಿಲ್ಲ" ಅನ್ನೋದನ್ನು "ಏನೂ ಇಲ್ಲ" ಅಂತ ಓದಿಕೊಳ್ಳೋದರ ಮೇಲೆ. 2013ರಲ್ಲಿ ಬಂದ ಡಿಎಸ್ಎಂ-5, ಅಂದರೆ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ, ಈ ಜಾಗದಲ್ಲೇ ದಾರಿ ಬದಲಿಸಿತು. ಸೊಮ್ಯಾಟಿಕ್ ಸಿಂಪ್ಟಮ್ ಡಿಸಾರ್ಡರ್, ಅಂದರೆ ಮೈಯ ಲಕ್ಷಣಗಳ ಸುತ್ತ ಬರುವ ಕಾಯಿಲೆ, ಅನ್ನೋಕೆ ಈಗ ನೋವಿಗೆ ಕಾರಣ ಸಿಗದೇ ಇರಬೇಕು ಅಂತೇನಿಲ್ಲ. ಆ ನೋವಿನ ಬಗ್ಗೆ ಯೋಚನೆ, ಭಯ, ಓಡಾಟ ಬದುಕನ್ನು ಎಷ್ಟು ತಿನ್ನುತ್ತಿದೆ ಅನ್ನೋದೇ ಮುಖ್ಯ. ನಿಜವಾಗಿ ಹೃದಯಾಘಾತ ಆದವರಿಗೂ ಇದು ಬರಬಹುದು. ಒಳ್ಳೆಯ ಬದಲಾವಣೆನೇ. ಆದರೆ ದೊಡ್ಡ ಕಾಯಿಲೆ ಬಂದು ಸಹಜವಾಗಿ ಹೆದರಿದವರಿಗೂ ಈ ಹಣೆಪಟ್ಟಿ ಅಂಟಿಸಿಬಿಟ್ಟರೆ ಅನ್ನೋ ಭಯ ನನಗಿದೆ.

ಇನ್ನೊಂದು ತಮಾಷೆ. ಇವಳ ಕಾಲಿನ ತೊಂದರೆಯನ್ನು ಡಿಎಸ್ಎಂ ಸೊಮ್ಯಾಟಿಕ್ ಗುಂಪಿಗೆ ಹಾಕಿದರೆ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ ಅದನ್ನೇ ಡಿಸೋಸಿಯೇಟಿವ್ ಗುಂಪಿಗೆ, ಅಂದರೆ ಮನಸ್ಸಿಗೂ ಮೈಗೂ ಅನುಭವಕ್ಕೂ ಇರುವ ಕೊಂಡಿ ತಪ್ಪುವ ತೊಂದರೆಗಳ ಗುಂಪಿಗೆ, ಸೇರಿಸುತ್ತದೆ. ಡಿಸೋಸಿಯೇಟಿವ್ ಅಂದ ತಕ್ಷಣ ಜನಕ್ಕೆ ನೆನಪಾಗೋದು ಸಿನಿಮಾದ ಎರಡು ಮೂರು ವ್ಯಕ್ತಿತ್ವ. ಅದನ್ನೇ ಸ್ಕಿಜೋಫ್ರೇನಿಯಾ ಅಂತಾನೂ ಕರೆಯುತ್ತಾರೆ, ಎರಡಕ್ಕೂ ಸಂಬಂಧವಿಲ್ಲ. ಡಿಸೋಸಿಯೇಷನ್ ಇಷ್ಟು ಜೋರಾಗಿ ಬರಬೇಕಂತಿಲ್ಲ. ಒಮ್ಮೆ ಮೂರು ರಾತ್ರಿ ನಿದ್ದೆಗೆಟ್ಟಾಗ ನನ್ನ ಕೈ ನನ್ನದಲ್ಲ ಅನಿಸಿತ್ತು, ಮಾತಾಡುತ್ತಿದ್ದವರು ಗಾಜಿನ ಆಚೆ ನಿಂತ ಹಾಗಿತ್ತು. ಹಾಗಲ್ಲ ಅಂತ ಗೊತ್ತಿತ್ತು, ಆದರೂ ಹಾಗೇ ಅನಿಸುತ್ತಿತ್ತು. ನನಗೆ ನಿದ್ದೆ ಮಾಡಿದ ಮೇಲೆ ಹೋಯಿತು. ಕೆಲವರಿಗೆ ಅದು ವರ್ಷಗಟ್ಟಲೆ ಹೋಗೋದೇ ಇಲ್ಲ.

ಇನ್ನು ಮೂಡ್ ಡಿಸಾರ್ಡರ್, ಅಂದರೆ ಡಿಪ್ರೆಶನ್, ಬೈಪೋಲಾರ್ ಥರದ ಕಾಯಿಲೆಗಳ ಬಗ್ಗೆ ಎಲ್ಲರಿಗೂ ಗೊತ್ತು ಅನ್ನೋ ಭ್ರಮೆ ಜಾಸ್ತಿ. ಮ್ಯಾಚ್ ಸೋತರೂ ಡಿಪ್ರೆಶನ್ನೇ. ಡಾಕ್ಟರ ಲೆಕ್ಕದಲ್ಲಿ ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಎರಡು ವಾರ ಹೆಚ್ಚುಕಡಿಮೆ ದಿನಾ ಇರಬೇಕು, ಅದರಲ್ಲಿ ಮಂಕು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರೋದು ಒಂದಾಗಿರಬೇಕು. ಎಷ್ಟೋ ಜನ ಬೆನ್ನುನೋವು, ತಲೆನೋವು, ಸುಸ್ತು ಅಂತಲೇ ಹೋಗುತ್ತಾರೆ, ಮನಸ್ಸು ಹೇಗಿದೆ ಅಂತ ಅವರನ್ನು ಯಾರೂ ಕೇಳೋದಿಲ್ಲ. ಬೈಪೋಲಾರ್ ಅಂದರೆ ಬೆಳಿಗ್ಗೆ ನಗು ಸಂಜೆ ಅಳು ಅಲ್ಲ. ಅದರಲ್ಲಿ ಮನಸ್ಸು ವಿಪರೀತ ಏರುವ ಹೊತ್ತು, ಅಂದರೆ ಮೇನಿಯಾ, ಸಾಮಾನ್ಯವಾಗಿ ಕನಿಷ್ಠ ಒಂದು ವಾರ ಇರುತ್ತದೆ. ನಿದ್ದೆ ಇಲ್ಲದೆಯೂ ಉತ್ಸಾಹ, ಕೈಗೆ ಬಂದಷ್ಟು ಖರ್ಚು. ಆಗ ಯಾರು ತಾವಾಗಿ ಡಾಕ್ಟರ್ ಹತ್ತಿರ ಹೋಗುತ್ತಾರೆ ಹೇಳಿ? ಕುಸಿದಾಗ ಹೋಗುತ್ತಾರೆ, ಹಿಂದಿನ ಆ ಏರಿನ ಮಾತು ಹೇಳೋದಿಲ್ಲ, ಬರೀ ಡಿಪ್ರೆಶನ್ ಮಾತ್ರೆ ಸಿಗುತ್ತದೆ, ಅದೊಂದನ್ನೇ ತಗೊಂಡರೆ ಕೆಲವರು ಮತ್ತೆ ಮೇನಿಯಾಕ್ಕೆ ಜಾರಬಹುದು. ಹಾಗಾಗಿ ಜೊತೆಗೆ ಹೋದ ಮನೆಯವರು ಬಾಯಿ ಬಿಡಬೇಕು.

ನಮ್ಮ ಹುಡುಗಿಗೆ ಫಿಸಿಯೋಥೆರಪಿಸ್ಟ್ ಮೊದಲ ದಿನ ಹಿಂದಕ್ಕೆ ನಡೆಸಿದರು. ಮುಂದೆ ಹೋಗೋಕೆ ಆಗದವಳು ಹಿಂದಕ್ಕೆ ಸರಾಗವಾಗಿ ನಡೆದಳು, ನಡೆದು ತಾನೇ ನಕ್ಕಳು. ಈಗ ಬಹಳ ವಾಸಿ. ಸುಸ್ತಾದ ದಿನ ಎಡಗಾಲು ಸ್ವಲ್ಪ ಎಳೆಯುತ್ತದೆ. "ನೆಟ್ಟಗೆ ನಡಿ" ಅಂದಿದ್ದರಲ್ಲ, ಅವರು ಮೊನ್ನೆ ಸಿಕ್ಕಿ ಕಾಲಿಗೇನಾಯ್ತು ಅಂತ ಕೇಳಿದರು. "ಉಳುಕಿದೆ" ಅಂದಳು. ಅಯ್ಯೋ ಪಾಪ, ಹುಷಾರು ಅಂದರು.