ಮುಖಪುಟದಲ್ಲಿ ಐದು ಹೆಸರು

ಎಂಬಿಎ ಹುಡುಗರಿಗೆ ಆಪರೇಷನ್ಸ್ ಮ್ಯಾನೇಜ್‌ಮೆಂಟ್ (ಅಂದರೆ ಕಾರ್ಖಾನೆಯಂಥ ಕಡೆ ಕೆಲಸ ತಡೆಯಿಲ್ಲದೆ ಸಾಗಿಸೋ ವಿದ್ಯೆ) ಪಾಠ ಮಾಡೋದು ನನ್ನ ಹೊಟ್ಟೆಪಾಡು. ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಗ್ರೂಪ್ ಪ್ರಾಜೆಕ್ಟ್‌ಗಳು ಮೇಜಿನ ಮೇಲೆ ಬಂದು ಬೀಳುತ್ತವೆ. ಸ್ಪೈರಲ್ ಬೈಂಡಿಂಗ್, ಮುಖಪುಟದಲ್ಲಿ ಐದು ಹೆಸರು. ದುಡಿದದ್ದು ಒಬ್ಬರೇ. ಯಾರು ಅಂತ ಇಡೀ ಕ್ಲಾಸಿಗೆ ಗೊತ್ತು. ಮಾರ್ಕ್ಸ್ ಮಾತ್ರ ಐವರಿಗೂ ಒಂದೇ.

ಈ ಸಲ ಒಂದು ಗುಂಪು ದಾಲ್ ಮಿಲ್ ಆರಿಸಿಕೊಂಡಿತ್ತು. ಕಲಬುರಗಿಯಲ್ಲಿ ಇನ್ನೇನು ಆರಿಸಿಕೊಳ್ತಾರೆ? 2019ರಲ್ಲಿ ನಮ್ಮ ತೊಗರಿಗೆ ಜಿಐ ಟ್ಯಾಗ್ (ಇದು ಈ ಸೀಮೆಯದೇ ಅನ್ನೋ ಅಧಿಕೃತ ಗುರುತು) ಸಿಕ್ಕ ಮೇಲಂತೂ ಎಲ್ಲ ರಿಪೋರ್ಟೂ ಅಲ್ಲಿಂದಲೇ ಶುರು. ವೈವಾದಲ್ಲಿ "ಮಿಲ್ಲಿನ ಕೆಲಸ ಎಲ್ಲಿ ಸಿಕ್ಕಿಹಾಕಿಕೊಳ್ತದೆ?" ಅಂತ ಕೇಳಿದೆ. "ಪ್ಯಾಕಿಂಗ್‌ನಾಗ್ರಿ ಸರ" ಅಂದ ಒಬ್ಬ. "ಮಷೀನ್ ಹಳೇದದ್ರಿ" ಅಂದ ಇನ್ನೊಬ್ಬ. ಕೊನೆಗೆ ತುದಿಯಲ್ಲಿ ನಿಂತಿದ್ದ ಹುಡುಗಿ ಮೆಲ್ಲಗೆ, "ಅಂಗಳದಾಗ್ರಿ ಸರ, ಬಿಸಿಲಿಗೆ ಕಾಯಬೇಕಾಗ್ತದ" ಅಂದಳು. ರಿಪೋರ್ಟ್ ಯಾರದು ಅಂತ ಅಲ್ಲಿಗೆ ತಿಳಿಯಿತು.

ಅವಳ ಮಾತು ಖರೇನೇ. ತೊಗರಿಯ ಸಿಪ್ಪೆ ಕಾಳಿಗೆ ಗೋಂದು ಹಚ್ಚಿದ ಹಾಗೆ ಅಂಟಿರುತ್ತದೆ. ಅದಕ್ಕೇ ರೋಲರಿನಲ್ಲಿ ಗೀರು ಹಾಕಿ, ಎಣ್ಣೆ ಸವರಿ, ಬಿಸಿಲಿಗೆ ಹರಡಿ, ನೀರು ಚಿಮುಕಿಸಿ, ರಾತ್ರಿ ರಾಶಿ ಹಾಕಿ, ಮತ್ತೆ ಒಣಗಿಸಬೇಕು. ಡ್ರೈಯರ್ ಇಲ್ಲದ ಮಿಲ್ಲಿನಲ್ಲಿ ಇದಕ್ಕೇ ದಿನಗಟ್ಟಲೆ ಹೋಗುತ್ತದೆ. ಮೋಡ ಕವಿದರೆ ಮುಗೀತು. ಒಡೆಯೋ ಮಷೀನಿಗೆ ಎಷ್ಟೇ ದೊಡ್ಡ ಮೋಟಾರ್ ಕೂರಿಸಿದರೂ ಅಂಗಳ ಕೊಟ್ಟಷ್ಟೇ ಬೇಳೆ.

ಉಳಿದ ನಾಲ್ವರನ್ನ ಬೈಯೋಣ ಅಂದುಕೊಂಡೆ. ಆದರೆ ಕ್ಲಾಸಿನಲ್ಲಿ ನಾನೇ ಹೇಳೋ ಕಥೆ ನೆನಪಾಯಿತು. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್, ಜನರ ಕೈಗೆ ಹಗ್ಗ ಕೊಟ್ಟು ಜಗ್ಗಿಸಿ ಬಲ ಅಳೆದ. 1913ರಲ್ಲಿ ಅದನ್ನು ಪ್ರಕಟಿಸಿದ. ಎಂಟು ಜನ ಸೇರಿ ಜಗ್ಗಿದಾಗ ತಲಾ ಬಲ ಒಂಟಿಯಾಗಿ ಜಗ್ಗಿದ್ದರ ಅರ್ಧಕ್ಕೆ ಇಳಿದಿತ್ತು! ಎಲ್ಲರೂ ಒಂದೇ ಕ್ಷಣಕ್ಕೆ ಜಗ್ಗೋದು ಕಷ್ಟ, ಅದಕ್ಕೂ ಇರಬಹುದು ಅಂತೀರಾ? 1979ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಲಟಾನೆ, ವಿಲಿಯಮ್ಸ್, ಹಾರ್ಕಿನ್ಸ್ ಅದನ್ನೂ ನೋಡಿದರು. ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿಗೆ ಹೆಡ್‌ಫೋನ್ ಹಾಕಿ, ಜೋರಾಗಿ ಕೂಗಿ ಅಂದರು. ನಿಜಕ್ಕೂ ಕೂಗುತ್ತಿದ್ದವರು ಒಬ್ಬರೇ. ಜೊತೆಗೆ ಇನ್ನೂ ಜನ ಕೂಗ್ತಿದ್ದಾರೆ ಅಂತ ನಂಬಿದ್ದಕ್ಕೇ ದನಿ ತಗ್ಗಿತು. ಎರಡು ವರ್ಷ ಬಿಟ್ಟು, ನಿಮ್ಮ ದನಿಯನ್ನ ಬೇರೆಯಾಗಿಯೇ ಅಳೀತೀವಿ ಅಂತ ಹೇಳಿ ಕೂಗಿಸಿದರು. ಗುಂಪಿನಲ್ಲಿದ್ದರೂ ಯಾರೂ ದನಿ ತಗ್ಗಿಸಲಿಲ್ಲ.

ಅಂದರೆ ಐದು ಹೆಸರಿಗೆ ಒಂದೇ ಮಾರ್ಕ್ಸ್ ಇಟ್ಟ ನಾನೇ ಹುಡುಗರಿಗೆ ಮಲಗಲು ಹಾಸಿಗೆ ಹಾಸಿ ಕೊಟ್ಟ ಹಾಗಾಯಿತು, ಅಲ್ವಾ?

ಮುಂದಿನ ಭಾನುವಾರ ಸುಮ್ನೆ ಆ ಮಿಲ್ಲಿಗೆ ಹೋಗಿ ಬಂದೆ. ಅಂಗಳದಲ್ಲಿ ಒಬ್ಬೊಬ್ಬ ಹೆಂಗಸಿಗೆ ಕಾಳು ಹರಡಿದ ಒಂದೊಂದು ಪಟ್ಟಿ. ಹೊತ್ತು ಹೊತ್ತಿಗೆ ಕಾಲಲ್ಲಿ ಸಾಲು ಎಳೆಯುತ್ತಾ ಕಾಳು ತಿರುವಬೇಕು. ಯಾರ ಪಟ್ಟಿ ಹಸಿ ಉಳೀತು ಅಂತ ದೂರದಿಂದಲೇ ಕಾಣುತ್ತದೆ. ಹೊಸದಾಗಿ ಬಂದವಳ ಕೈಗೆ ಒಬ್ಬ ಹಿರಿಯಕ್ಕ ಎರಡು ಕಾಳು ಇಟ್ಟಳು. "ಇದನ್ನ ಕಡಿ ಯವ್ವಾ. ಈಗ ಇದನ್ನ. ಫರಕ್ ತಿಳೀತಾ? ಟಕ್ ಅಂದ್ರ ಒಣಗ್ಯದ." ಆಮೇಲೆ ಹೊಸಬಳ ಕೈಲೇ ಕಾಳು ಆರಿಸಿ ಹೇಳಿಸಿದಳು. ಮೂರು ಸಲ ತಪ್ಪಿದಳು. ಹಿರಿಯಕ್ಕ ನಕ್ಕಳು, ಮತ್ತೆ ಕೊಟ್ಟಳು. ಊಟದ ಹೊತ್ತಿಗೆ ಬಂದು ಇನ್ನೊಮ್ಮೆ ನೋಡಿದಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ತರಬೇತಿ ಕೊಡಲು ಒಂದು ನಾಲ್ಕು ಹೆಜ್ಜೆಯ ಕ್ರಮ ಮಾಡಿದ್ದರು: ಸಿದ್ಧ ಮಾಡು, ತೋರಿಸು, ಮಾಡಿಸು, ಆಮೇಲೆ ವಿಚಾರಿಸು. ನಾನು ಅದನ್ನ ಸ್ಲೈಡ್ ಹಾಕಿ ಒಂದು ಗಂಟೆ ಪಾಠ ಮಾಡ್ತೀನಿ. ಮೂರನೇ ಹೆಜ್ಜೆ ಮಾತ್ರ ನನ್ನ ಕ್ಲಾಸಿನಲ್ಲಿ ಯಾವತ್ತೂ ನಡೆದಿಲ್ಲ.

ಮುಂದಿನ ಸೆಮಿಸ್ಟರ್‌ಗೆ ಒಬ್ಬೊಬ್ಬರೂ ಬೇರೆ ಡೈರಿ ಬರೀಬೇಕು, ವೈವಾದಲ್ಲಿ ಯಾರನ್ನ ಬೇಕಾದರೂ ಎದ್ದು ನಿಲ್ಲಿಸ್ತೀನಿ ಅಂತ ಹೇಳಿಬಿಟ್ಟೆ. "ಅರವತ್ತು ಡೈರಿ ಯಾರ್ ನೋಡ್ತಾರೋ ಮಾರಾಯ" ಅಂತ ಸ್ಟಾಫ್ ರೂಮಿನಲ್ಲಿ ನಗ್ತಿದ್ದಾರೆ. ನಗಲಿ.

ಆ ಹುಡುಗಿಗೆ ಎರಡು ಮಾರ್ಕ್ಸ್ ಜಾಸ್ತಿ ಕೊಡೋಣ ಅಂತ ಶೀಟ್ ತೆಗೆದೆ. ಗುಂಪಿಗೆ ಇದ್ದದ್ದು ಒಂದೇ ಕಾಲಂ.