ಕಸಿನ್ಸ್ ಹೋಗಿದ್ದು ಅಟ್ಲಾಂಟಾಗೆ, ಅಲುಗಾಡಿದ್ದು ನಾಲ್ಕು ತಂಡ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಸ್ಟಾರ್ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವ ಆಟಗಾರ) ತಂಡ ಬದಲಿಸಿದರೆ ಲಾಭ-ನಷ್ಟ ಅವನು ಬಿಟ್ಟ ತಂಡ, ಸೇರಿದ ತಂಡ ಎರಡಕ್ಕೇ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. 2024ರ ಮಾರ್ಚ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್ ಮಿನ್ನೆಸೋಟಾ ವೈಕಿಂಗ್ಸ್ ತಂಡ ಬಿಟ್ಟು ಅಟ್ಲಾಂಟಾ ಫಾಲ್ಕನ್ಸ್ ಸೇರಿದ್ದನ್ನೇ ನೋಡಿ. ನಾಲ್ಕು ವರ್ಷಕ್ಕೆ 18 ಕೋಟಿ ಡಾಲರ್, ಅದರಲ್ಲಿ 10 ಕೋಟಿ ಗ್ಯಾರಂಟಿ. ಮುಂದಿನ ತಿಂಗಳೇ ಅದೇ ಫಾಲ್ಕನ್ಸ್ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕ್ರಮ) 8ನೇ ಆಯ್ಕೆಯಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಮೈಕಲ್ ಪೆನಿಕ್ಸ್‌ನನ್ನು ತೆಗೆದುಕೊಂಡಿತು. ಡಿಸೆಂಬರ್ ಹೊತ್ತಿಗೆ ಕಸಿನ್ಸ್ ಬೆಂಚ್ ಮೇಲೆ! ಪಾಪ, ಅಕಿಲೀಸ್ (ಹಿಮ್ಮಡಿ ಮೇಲಿನ ಸ್ನಾಯುರಜ್ಜು) ಗಾಯದಿಂದ ಎದ್ದು ಬಂದವನಿಗೆ ಹಾಗೆ ಮಾಡಬಾರದಿತ್ತು.

ಅತ್ತ ವೈಕಿಂಗ್ಸ್ ಕಥೆ ಇನ್ನೂ ಸ್ವಾರಸ್ಯ. ಕಸಿನ್ಸ್ ಹೋದ ಮೇಲೂ ಅವನ ಹಳೆಯ ಒಪ್ಪಂದದ 2.85 ಕೋಟಿ ಡಾಲರ್ ಆ ವರ್ಷದ ಸ್ಯಾಲರಿ ಕ್ಯಾಪ್‌ನಲ್ಲೇ (ತಂಡ ಆಟಗಾರರ ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿ) ಕೂತಿತ್ತು. ಹಾಗಾಗಿ ಒಂದು ವರ್ಷಕ್ಕೆ 1 ಕೋಟಿ ಡಾಲರ್ ಕೊಟ್ಟು ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಡಾರ್ನಾಲ್ಡ್‌ನನ್ನು ತಂದರು. ಎಲ್ಲರೂ ಕೈಬಿಟ್ಟಿದ್ದ ಆಟಗಾರ ಅವನು. 35 ಟಚ್‌ಡೌನ್ (ಅಂಕ ತರುವ ಪಾಸ್) ಎಸೆದ, ತಂಡ 14 ಪಂದ್ಯ ಗೆದ್ದಿತು.

ಅಲ್ಲಿಗೂ ನಿಲ್ಲಲಿಲ್ಲ. 2025ರಲ್ಲಿ ಸಿಯಾಟಲ್ ಸೀಹಾಕ್ಸ್ ತನ್ನ ಕ್ವಾರ್ಟರ್‌ಬ್ಯಾಕ್ ಜೀನೋ ಸ್ಮಿತ್‌ನನ್ನು ರೇಡರ್ಸ್ ತಂಡಕ್ಕೆ ಕೊಟ್ಟು, ಡಾರ್ನಾಲ್ಡ್‌ನನ್ನು ಮೂರು ವರ್ಷಕ್ಕೆ 10 ಕೋಟಿ ಡಾಲರ್‌ಗಿಂತ ಜಾಸ್ತಿ ಕೊಟ್ಟು ಸೇರಿಸಿಕೊಂಡಿತು. ಒಬ್ಬ ಜಾಗ ಬಿಟ್ಟಿದ್ದಕ್ಕೆ ಇನ್ನೊಬ್ಬನಿಗೆ ಅವಕಾಶ, ಅವನು ಆಡಿದ್ದಕ್ಕೆ ಮೂರನೆಯವನಿಗೆ ಊರು ಬದಲು. ಇದನ್ನು ಬಿಟ್ಟು ಸುಮ್ನೆ ಎರಡೇ ತಂಡ ಅಂದರೆ ಹೇಗೆ? ನನಗಂತೂ ಇದರಲ್ಲಿ ಜಾಸ್ತಿ ಖುಷಿ ಕೊಟ್ಟಿದ್ದು ಡಾರ್ನಾಲ್ಡ್‌ಗೆ ಸಿಕ್ಕ ಎರಡನೇ ಅವಕಾಶ.