ಬಿಸಿಲು ಹಗಲಲ್ಲಿ, ತ್ರೀ ಫೇಸ್ ರಾತ್ರಿಯಲ್ಲಿ!

ಸೋಲಾರ್ ಅಂದ ಕೂಡಲೇ ನಾವು ಪಾವಗಡದ ಹೆಸರು ಹೇಳುತ್ತೇವೆ. ಹೆಮ್ಮೆಪಡುವಂಥದ್ದೇ ಬಿಡಿ. ತಿರುಮಣಿ, ವಳ್ಳೂರು ಸುತ್ತಮುತ್ತ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ರೈತರ ಜಮೀನು ಕಿತ್ತುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಸದಾ ಬರ ಕಾಣುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. (ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರ ಕೈಗೆ ಏನು ಬಂತು ಅಂತ ಮಾತ್ರ ಕೇಳಬೇಡಿ.)

ತೊಂದರೆ ಇರುವುದು ಸಂಜೆ. ನಮಗೆ ಕರೆಂಟು ಜಾಸ್ತಿ ಬೇಕಾಗುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಚಿತ್ರದುರ್ಗ, ಗದಗದ ಗಾಳಿಯಂತ್ರಗಳ ಕರೆಂಟು ಮಳೆಗಾಲ ಮುಗಿದ ಮೇಲೆ ತಗ್ಗುತ್ತದೆ. ಉಳಿಯುವುದು ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಮತ್ತು ಶರಾವತಿಯ ನೀರು. 2023ರಲ್ಲಿ ಮಳೆ ಕೈಕೊಟ್ಟಾಗ ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಲಿಲ್ಲ, ಬೆಳೆ ಉಳಿಸಿಕೊಳ್ಳಲು ಪಂಪ್‌ಸೆಟ್‌ಗಳು ಬೇಗನೆ ಓಡತೊಡಗಿದವು. ಆಗಿನ ಲೋಡ್ ಶೆಡ್ಡಿಂಗ್ ನೆನಪಿದೆ ಅಲ್ವಾ?

ಈಗ ಇದಕ್ಕೆ ಮದ್ದು ಅಂತ ಶರಾವತಿ ಪಂಪ್ಡ್ ಸ್ಟೋರೇಜ್ ತರುತ್ತಿದ್ದಾರೆ. 2,000 ಮೆಗಾವ್ಯಾಟ್. ಕರೆಂಟು ಹೆಚ್ಚಿರುವಾಗ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಳಕಳಲೆ ಜಲಾಶಯಕ್ಕೆ ಎತ್ತುವುದು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ತೆಗೆಯುವುದು. ಇಂಥ ಯೋಜನೆಗಳಲ್ಲಿ 100 ಯೂನಿಟ್ ಖರ್ಚು ಮಾಡಿದರೆ 75-80 ವಾಪಸ್ ಸಿಗುತ್ತದೆ. ಅದಕ್ಕಾಗಿ ಸಿಂಗಳೀಕಗಳ ಅಭಯಾರಣ್ಯದೊಳಗೆ ಸುರಂಗ, ರಸ್ತೆ.

ನನ್ನ ತಕರಾರು ಇಷ್ಟೇ. ರಾಜ್ಯದ ಕರೆಂಟಿನಲ್ಲಿ ಸುಮಾರು ಮೂರನೇ ಒಂದು ಪಾಲು ಬೋರ್‌ವೆಲ್‌ಗಳಿಗೆ ಹೋಗುತ್ತದೆ. ಬಲ್ಬಿನ ಹಾಗಲ್ಲ, ಗಿಡಕ್ಕೆ ನೀರು ಮಧ್ಯಾಹ್ನ ಬಿಟ್ಟರೂ ನಡೆಯುತ್ತದೆ. ಬಿಸಿಲಿರುವಾಗಲೇ ನೀರೆತ್ತಿ ಕೃಷಿ ಹೊಂಡಕ್ಕೆ ಬಿಟ್ಟುಕೊಂಡರೆ ಅದೇ ನಮ್ಮ ಬ್ಯಾಟರಿ. ಆದರೂ ಎಷ್ಟೋ ಹಳ್ಳಿಗಳಲ್ಲಿ ಪಂಪ್‌ಸೆಟ್ ಓಡಿಸಲು ಬೇಕಾದ ತ್ರೀ ಫೇಸ್ ಕರೆಂಟು ಬರುವುದು ನಡುರಾತ್ರಿ. ಟಾರ್ಚ್ ಹಿಡಿದು ಹಾವಿನ ಭಯದಲ್ಲಿ ಗದ್ದೆಗೆ ಹೋಗಬೇಕು. ಇಲ್ಲವೇ ಆಟೋ ಸ್ಟಾರ್ಟರ್ ಹಾಕಿ ಮಲಗಬೇಕು. ಕರೆಂಟು ಬಂದ ಕೂಡಲೇ ಊರಿನ ಮೋಟರೆಲ್ಲ ಒಟ್ಟಿಗೆ ಎದ್ದು ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟುಹೋಗುತ್ತದೆ. ಸುಟ್ಟ ಟಿಸಿ ಬದಲಾಗುವಷ್ಟರಲ್ಲಿ ಬೆಳೆ ಒಣಗಿರುತ್ತದೆ.

ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ಕರೆಂಟಿನ ಲೈನು) ಬೇರೆ, ಪಂಪ್‌ಸೆಟ್ ಫೀಡರ್ ಬೇರೆ ಮಾಡಿದ್ದಾರಲ್ಲ, ಅದನ್ನು ಪೂರ್ತಿ ಬಳಸಿ. ಕೇಂದ್ರದ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೋಲಾರ್ ಘಟಕ ಹಾಕಿ ಆ ಫೀಡರ್‌ಗೇ ಕೊಡುವ ಕೆಲಸ ಶುರುವಾಗಿದೆ. ಒಳ್ಳೆಯದು, ಬೇಗ ಮುಗಿಸಿ. ಎಲ್ಲ ತಾಲ್ಲೂಕಿಗೂ ಹಗಲಲ್ಲೇ ಏಳು ತಾಸು ತ್ರೀ ಫೇಸ್ ಕೊಟ್ಟು ನೋಡಿ. ಆಮೇಲೂ ಸಂಜೆಗೆ ಎಷ್ಟು ಕಡಿಮೆ ಬೀಳುತ್ತದೆ ಅಂತ ಲೆಕ್ಕ ಹಾಕಿ. ಶರಾವತಿ ಕಾಡಿಗೆ ಯಂತ್ರ ಇಳಿಸುವ ಮಾತು ಆಗ ಆಡೋಣ.